ಹೆಣ್ಣುಮಕ್ಕಳ ಸಾಮಾನು

ಬಸವೇಶ್ವರಿಗೆ ಆ ಸುದ್ದಿ ಗೊತ್ತಾದದ್ದು ಬಳೆ ಇಡಿಸಿಕೊಳ್ಳುವಾಗ. ಅಖ್ತರಬೇಗಂ ನರೋಣಾದಲ್ಲಿ ಬಸ್ಸಿಳಿದು, ಬುಟ್ಟಿ ಹೊತ್ತು ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗುವ ಬಳೆಗಾರ್ತಿ. ಬಸವೇಶ್ವರಿಯ ಕೈಬೆರಳು ಮಡಚಿ ಒತ್ತುತ್ತ ಅಂದಳು: “ಜಿಎಸ್‌ಟಿ ಬಂದು ವರ್ಷ ಆಗಾಕ ಬಂತು. ನಮ್ಮ ಗಾಜಿನ ಬಳಿಗಿ ಮಾಫ್, ನಿಮ್ಮ ಕುಂಕುಮಕ್ಕ ಮಾಫ್. ಪ್ಯಾಡಿಗಿ ಮಾತ್ರ ಟ್ಯಾಕ್ಸ್ ಹಾಕ್ಯಾರ ನೋಡ್ ಬೇ. ಬಳಿ ಇಲ್ದ ಹೆಣ್ಣು ಇರಬಹುದು, ಅದಿಲ್ದ ಹೆಣ್ಣು ಅದಾಳೇನು?”

ಅಖ್ತರಬೇಗಂ ನಕ್ಕಳು. ಬಸವೇಶ್ವರಿಗೆ ನಗು ಬರಲಿಲ್ಲ. ಒಳಗೆ ಮಗಳು ಶೈಲಶ್ರೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಂಟನೆಯ ತರಗತಿಯ ಹುಡುಗಿ. ಒಮ್ಮೆ ಶಾಲೆಯಲ್ಲಿ, ಪ್ಯಾಡಿನ ಬದಲು ಇಟ್ಟುಕೊಂಡ ಬಟ್ಟೆ ತೊಯ್ದು ಸಮವಸ್ತ್ರಕ್ಕೆ ಕಲೆಯಾಗಿತ್ತು. ಅಂದಿನಿಂದ, ದುಡ್ಡಿಲ್ಲದೆ ಪ್ಯಾಡ್ ತರಲಾಗದ ತಿಂಗಳು ಅವಳ ಪಾಟಿಚೀಲ ಗೂಟದಿಂದ ಕೆಳಗಿಳಿಯುತ್ತಿರಲಿಲ್ಲ.

“ಯವ್ವಾ, ನಾ ಸಾಲಿ ಬಿಟ್ಟೇ ಬಿಡ್ತೇನಿ,” ಎಂದಿದ್ದಳು ಬೆಳಿಗ್ಗೆ.

ಬಳೆಗಾರ್ತಿ ಹೋದ ಮೇಲೆ ತಾಯಿ ಒಳಗೆ ಬಂದು ಅವಳ ತಲೆ ಸವರಿದಳು. “ಬಿಡಬೇಕಾದದ್ದು ನೀ ಸಾಲಿ ಅಲ್ಲ ಮಗಳ, ಸರಕಾರದವರು ಟ್ಯಾಕ್ಸ್.”

ಮುಂದೆ ಗ್ರಾಮಸಭೆ ಸೇರಿದಾಗ ಬಸವೇಶ್ವರಿ ಎದ್ದು ನಿಂತಳು. ಪ್ಯಾಡಿನ ಮೇಲಿನ ತೆರಿಗೆ ತೆಗೆಯಬೇಕು, ಹಾಗಂತ ಊರಿನಿಂದ ಠರಾವು ಮಾಡಿ ಮೇಲಿನವರಿಗೆ ಕಳಿಸಬೇಕು ಎಂದಳು. ಗಂಡಸರು ಸೂರು ನೋಡತೊಡಗಿದರು. ಠರಾವು ಬರೆಯುವ ಶಾಂತಕುಮಾರ ಒಳ್ಳೆಯವನೇ. ತಲೆ ತಗ್ಗಿಸಿ ಬರೆದು ಓದಿದ: “ಹೆಣ್ಣುಮಕ್ಕಳ ಸಾಮಾನಿನ ಮೇಲಿನ ತೆರಿಗೆ ತೆಗೆಯಬೇಕು. ಆತಲ್ರಿ ಅಕ್ಕೋರೆ? ಕುಂದರ್ರಿ.”

ಅವಳು ಕೂರಲಿಲ್ಲ. “ಹೆಣ್ಮಕ್ಕಳ ಸಾಮಾನಂದ್ರ ದಿಲ್ಲಿಯವರು ಏನ್ ತಿಳಕೋತಾರ್ರಿ ಅಣ್ಣೋರೆ? ಬಳಿ, ಕುಂಕುಮ ಅಂತಾರ. ಅದಕ್ಕ ಮೊದಲೇ ಮಾಫ್ ಅದ. ಕೊಟ್ಟೇ ಬಿಟ್ಟೇವಿ ಅಂತ ನಮ್ಮ ಕಾಗದ ಮಡಚಿ ಇಡ್ತಾರ. ಮುಟ್ಟಿನ ಪ್ಯಾಡ್ ಅಂತ ಬರೀರಿ.”

“ಏ ತಂಗಿ, ಹಿರಿಯರು ಕುಂತಾರ!” ಹಿಂದಿನಿಂದ ಯಾರೋ ಕೂಗಿದರು.

ಶಾಂತಕುಮಾರನ ಕಿವಿ ಕೆಂಪಾದವು. “ತಿಳಿಯೋರಿಗಿ ತಿಳೀತದ ಬಿಡ್ರಿ.”

“ತಿಳಿಯೋರಿದ್ರ ಟ್ಯಾಕ್ಸ್ ಹಾಕ್ತಿದ್ದಿಲ್ರಿ.”

ಅಷ್ಟರಲ್ಲಿ ಮೊಳಕಾಲಿಗೆ ಕೈಯೂರಿ ಅತ್ತೆ ಸುಭದ್ರಾಬಾಯಿ ಎದ್ದರು. ಬಸವೇಶ್ವರಿ ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತೆಯ ಮುಂದೆ ಅವಳು ಮನೆಯಲ್ಲೂ ಈ ಮಾತು ಆಡಿದವಳಲ್ಲ.

ಮುದುಕಿ ಸೆರಗು ಸರಿಸಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಎತ್ತಿ ಹಿಡಿದರು. “ಶಾಂತಕುಮಾರಾ, ಮುಟ್ಟಾದ ದಿನಾನೂ ನಾ ಇದರ ಪೂಜಿ ಬಿಟ್ಟಾಕಿ ಅಲ್ಲ. ಲಿಂಗ ಕಟ್ಟಿದವರಿಗಿ ಸೂತಕ ಇಲ್ಲ ಅಂತ ಬಸವ ಜಯಂತಿಗಿ ಮೈಕ್ ಹಿಡಿದು ಒದರಾಂವ ನೀನ. ದೇವರಿಗಿಲ್ಲದ ಮೈಲಿಗಿ ನಿನ್ನ ಪೆನ್ನಿಗಿ ಎಲ್ಲಿಂದ ಬಂತೋ?”

ಬಾಗಿಲಲ್ಲಿ ಬುಟ್ಟಿ ಇಳಿಸಿ ಕೂತಿದ್ದ ಅಖ್ತರಬೇಗಂ ಸುಮ್ಮನಿರಲಿಲ್ಲ. “ಪೆನ್ನಿಗಿ ಬಳಿ ಇಡಸ್ಲೇನ್ರಿ ಸಾಹೇಬ್ರ? ಭಾಳ ನಾಚಾಕತ್ತದ!”

ಹೆಂಗಸರು ನಕ್ಕರು. ಒಬ್ಬಿಬ್ಬರು ಗಂಡಸರೂ ಮೀಸೆ ಮರೆಯಲ್ಲಿ ನಕ್ಕರು. ಶಾಂತಕುಮಾರ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದ.

“ಓದ್ರಿ,” ಎಂದಳು ಬಸವೇಶ್ವರಿ.

ಆ ಶಬ್ದದ ಹತ್ತಿರ ಬಂದು ಅವನು ನಿಲ್ಲಿಸಿದ. ನೀರು ಕುಡಿದು, ಮೊದಲಿನಿಂದ, ಎಲ್ಲರಿಗೂ ಕೇಳುವಂತೆ ಓದಿದ. ಮೊದಲ ಹೆಬ್ಬೆಟ್ಟು ಸುಭದ್ರಾಬಾಯಿಯವರದು.

“ತೆಗೀತಾರಂತೀ?” ಮನೆಯ ಹಾದಿಯಲ್ಲಿ ಅತ್ತೆ ಕೇಳಿದರು.

“ತೆಗೀಲಿಲ್ಲಂದ್ರ ಮುಂದಿನ ಸಭಾಕ್ಕೂ ನಿಂದರ್ತೇನ್ರಿ ಅತ್ತಿ.”

ರೊಟ್ಟಿ ಬಡಿದಾದ ಮೇಲೆ ಬಸವೇಶ್ವರಿ ಹಳೆಯ ನೂಲಿನ ಸೀರೆ ಹರಿದು, ಮಡಚಿ, ಹೊಲಿಯಲು ಕೂತಳು. ತೆರಿಗೆ ಹೋಗುವವರೆಗೆ ಸುಮ್ಮನೆ ಕೂತರೆ ಆಗದು. ಶೈಲಶ್ರೀ ಬಂದು ಪಕ್ಕದಲ್ಲಿ ಕುಳಿತಳು.

“ಯವ್ವಾ, ಸಭಾದಾಗ ಎಲ್ಲರ ಮುಂದ ಅದನ್ನ ಅಂದ್ಯಂತ?”

“ಅಂದೆ. ನಿಮ್ಮಜ್ಜಿ ನನಕಿಂತ ಜೋರ ಅಂದ್ಲು.”

ಹುಡುಗಿ ಎದ್ದು ಗೂಟದ ಪಾಟಿಚೀಲ ಇಳಿಸಿ ಬಾಗಿಲ ಬಳಿ ಇಟ್ಟಳು.

“ಇನ್ನೊಂದ್ ಪದರ ಹಾಕಿ ಹೊಲಿ ಯವ್ವಾ. ನಾಳೆ ಲೆಕ್ಕದ ಪರೀಕ್ಷಾ ಅದ.”