ಸೂಪಿನಲ್ಲಿ ಜೋಳದ ತೆನೆ

ಹೊಸ ವರ್ಷದ ಮೊದಲ ದಿನ ಹೈಟಿಯವರ ಮನೆಯಲ್ಲಿ ಕುಂಬಳಕಾಯಿ ಸೂಪು ಆಗಲೇಬೇಕು. ಗುಲಾಮರಾಗಿದ್ದಾಗ ನಮ್ಮ ಹಿರಿಯರು ಅದನ್ನು ಬೇಯಿಸಬಹುದಿತ್ತು, ಉಣ್ಣುವ ಹಾಗಿರಲಿಲ್ಲ. ಒಂದು ಹೊಸ ವರ್ಷದ ದಿನವೇ ಬಿಡುಗಡೆಯಾದ ಮೇಲೆ ನಮ್ಮ ಮನೆತನದಲ್ಲಿ ಯಾರೂ ತಪ್ಪಿಸಿಲ್ಲ. ಪರದೇಶದ ಈ ಸ್ಯಾಂಟಿಯಾಗೊ ನಗರಕ್ಕೆ ದುಡಿಯಲು ಬಂದು ಇಷ್ಟು ವರ್ಷವಾದರೂ ನಾನೂ ತಪ್ಪಿಸಿರಲಿಲ್ಲ. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಊರಿನಿಂದ ಅಮ್ಮ ಫೋನಿನಲ್ಲಿ ಮುಖ ತೋರಿಸಿ, "ಎಲ್ಲಿ, ಪಾತ್ರೆ ತೋರ್ಸು" ಎನ್ನುತ್ತಾಳೆ.

ಈ ಸಲ ತೋರಿಸಲು ಏನೂ ಇರಲಿಲ್ಲ. ನಾನು ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ರಾತ್ರಿ ಪಾಳಿಯವಳು ಬಾರದೆ ಅದೂ ನನಗೇ ಬಿತ್ತು. ಇಡೀ ಕುಂಬಳಕಾಯಿ ಮನೆಯ ಮೇಜಿನ ಮೇಲೆ ಹಾಗೇ ಕೂತಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಸುತ್ತ, ಅಮ್ಮನಿಗೆ ಯಾವ ಸುಳ್ಳು ಹೇಳುವುದೆಂದು ಹೊಂದಿಸುತ್ತ ಬಂದೆ.

ಮೆಟ್ಟಿಲು ಹತ್ತುವಾಗಲೇ ಘಮ ಬಂತು.

ಒಲೆಯ ಮುಂದೆ ಕೆಳಮನೆಯ, ಈ ಊರಿನವರೇ ಆದ ಎರ್ಮಿಂಡಾ ಅಜ್ಜಿ ನಿಂತಿದ್ದರು. ಮಗಳು ದಾಫ್ನಿ ಹುಟ್ಟಿದಾಗಿನಿಂದ ನಮ್ಮ ಮನೆಯ ಒಂದು ಬೀಗದಕೈ ಅವರ ಹತ್ತಿರವೇ ಇದೆ. ನಾನು ದುಡಿಯಲು ಹೋದ ರಾತ್ರಿಗಳಲ್ಲೆಲ್ಲ ಮಗು ಮಲಗಿದ್ದು ಅವರ ಮಗ್ಗುಲಲ್ಲಿ. ವರ್ಷವರ್ಷವೂ ಅವರಿಗೆ ಸೂಪು ಕಳಿಸಿದ ಬಟ್ಟಲು ಒಮ್ಮೆಯೂ ಬರಿದಾಗಿ ಹಿಂದಿರುಗಿದ್ದಿಲ್ಲ.

"ಅಮ್ಮಾ, ಅಜ್ಜಿ ಸೂಪಿಗೆ ಮುಸುಕಿನ ಜೋಳ ಹಾಕ್ಬಿಟ್ರು, ತೆನೆ ಸಮೇತ. ಬೇಡ ಅಂದ್ರೂ ಕೇಳ್ಲಿಲ್ಲ" ಎಂದು ದಾಫ್ನಿ ದೂರಿದಳು.

"ಕುಂಬಳಕಾಯಿ ಬೇಯ್ಸಿ ಜೋಳ ಹಾಕ್ದೇ ಇರೋದು ಯಾವ ಸೀಮೆ ಅಡುಗೆ? ನಿಮ್ಮಮ್ಮ ಪ್ರತಿ ವರ್ಷ ಮರೀತಿದ್ಲು. ಪಾಪ, ದಣಿದಿರ್ತಾಳೆ ಅಂತ ನಾನೇ ಸುಮ್ನಿದ್ದೆ" ಎಂದರು ಅಜ್ಜಿ.

ಅಷ್ಟರಲ್ಲಿ ಅಮ್ಮನ ಫೋನು. ಪಾತ್ರೆ ತೋರಿಸಿದೆ.

"ಅದೇನೇ ತೇಲ್ತಿರೋದು?"

"ಜೋಳದ ತೆನೆ."

"ನಮ್ಮ ಸೂಪಿಗೆ? ಯಾರೇ ಹಾಕಿದ್ದು?"

ಫೋನನ್ನು ಅಜ್ಜಿಯ ಕಡೆ ತಿರುಗಿಸಿದೆ. ಸೌಟು ಹಿಡಿದೇ ಅಜ್ಜಿ ತಲೆಯಾಡಿಸಿದರು. ಅಮ್ಮ ಮುಖವನ್ನು ಫೋನಿನ ಹತ್ತಿರ ತಂದಳು.

"ನಿನ್ನ ಮಗೂನ ಸಾಕಿದ್ದು ಇವ್ರೇನಾ?"

"ಹೂಂ."

"ಏನಂತಾಳೆ ನಿಮ್ಮಮ್ಮ?" ನಮ್ಮ ಮಾತು ತಿಳಿಯದ ಅಜ್ಜಿ ಕೇಳಿದರು.

"ಉಪ್ಪು ಸರಿಯಾಗಿದ್ಯಾ ಅಂತ."

"ನಂಗೇ ಉಪ್ಪಿನ ಪಾಠಾನಾ?"

ಅಮ್ಮ ಫೋನಿನಲ್ಲಿ ಹೇಳಿದಳು: "ಮೊದಲ್ನೇ ಬಟ್ಲು ಅವ್ರಿಗೆ ಕೊಡು. ಆ ತೆನೆ ನೀನು ತಿನ್ನು. ಬಿಡಬೇಡ."

ತಿಂದೆ. ಮುಂದಿನ ವರ್ಷ ಕುಂಬಳಕಾಯಿ ಕೊಳ್ಳುವಾಗ ಎರಡು ತೆನೆಯನ್ನೂ ಕೊಳ್ಳಬೇಕು. ಅಜ್ಜಿಗೆ ಇದನ್ನು ಹೇಳಿಲ್ಲ. ಹೇಳಿದರೆ ಸೂಪಿಗೆ ಅನ್ನವನ್ನೂ ಸುರಿದಾರು.