ನಿದ್ದೆ ಕೇಳಿದ ಸೊಸೆ

ಆ ಮನೆಯ ಹಿರಿಸೊಸೆಗೆ ಅನ್ನ ಹಾಕುತ್ತಿದ್ದದ್ದು ದೆವ್ವಗಳು. ಮುದ್ರಣಾಲಯವೊಂದರಲ್ಲಿ ಅವಳದು ಕರಡು ತಿದ್ದುವ ಕೆಲಸ. ಅಲ್ಲಿ ತಿಂಗಳು ತಿಂಗಳೂ ಅಚ್ಚಾಗುತ್ತಿದ್ದದ್ದು ದೆವ್ವದ ಕಾದಂಬರಿಗಳು. ಕನ್ನಡಿಯಲ್ಲಿ ಮಾತ್ರ ಕಾಣುವ ಮುದುಕಿಯಾಗಲಿ, ಮುಚ್ಚಿದ ಬಾವಿಯಿಂದ ಮೇಲೇಳುವ ಕೈಯಾಗಲಿ, ಓದುಗರ ಎದೆ ನಡುಗಿಸುವ ಮುಂಚೆ ಅವಳ ಕೆಂಪು ಶಾಯಿಯ ಕೆಳಗೆ ತಲೆ ಬಗ್ಗಿಸಿ ಹೋಗಬೇಕಿತ್ತು. ನಿನಗೆ ಹೆದರಿಕೆಯಾಗುವುದಿಲ್ಲವೇ ಎಂದು ನೆರೆಯವರು ಕೇಳಿದರೆ, ಒತ್ತಕ್ಷರ ತಪ್ಪಿದ ದೆವ್ವಕ್ಕೆ ಯಾರು ಹೆದರುತ್ತಾರೆ ಎಂದು ನಗುತ್ತಿದ್ದಳು.

ಅವಳ ಗಂಡ ಲಾರಿ ಓಡಿಸುವವನು. ಮನೆಗಿಂತ ದಾರಿಯಲ್ಲೇ ಹೆಚ್ಚು. ಮನೆಯಲ್ಲಿ ಉಳಿದವರೆಂದರೆ ಅತ್ತೆ, ಮುಂಗೋಣೆಯಲ್ಲಿ ಬಟ್ಟೆ ಹೊಲಿಯುವ ಮೈದುನ, ಅವನ ಹೆಂಡತಿ. ಓರಗಿತ್ತಿಯರೆಂದರೆ ಹಾವು ಮುಂಗುಸಿ ಅನ್ನುತ್ತಾರಲ್ಲ, ಇವರಿಬ್ಬರ ಮಟ್ಟಿಗೆ ಆ ಮಾತು ಸುಳ್ಳಾಗಿತ್ತು. ರಜೆಯ ಮಧ್ಯಾಹ್ನ ಮಹಡಿಯ ಮೇಲೆ ಒಣಹಾಕಿದ ದುಪ್ಪಟಿಗಳು ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುವಾಗ, ಅವುಗಳ ಬೆಳ್ಳನೆ ನೆರಳಿನಲ್ಲಿ ಕುಳಿತು ಹಿರಿಯವಳು ದೆವ್ವದ ಕರಡುಗಳನ್ನು ಓದುವಳು. ತುಂಬುಬಸುರಿ ಕಿರಿಯವಳು ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳುವಳು. ಅಲ್ಲಿಗೇ ನಿಲ್ಲಿಸಕ್ಕಾ ಎನ್ನುವಳು. ನಿಲ್ಲಿಸಿದರೆ, ಆಮೇಲೇನಾಯ್ತು ಎನ್ನುವಳು. ಬಸುರಿಯ ಕಿವಿಗೆ ಅಂಥದ್ದನ್ನೆಲ್ಲ ಹಾಕಬೇಡ ಎಂದು ಕೆಳಗಿನಿಂದ ಅತ್ತೆ ಗೊಣಗುತ್ತಿದ್ದರು.

ಹೆರಿಗೆ ಸುಸೂತ್ರವಾಗಿಯೇ ಆಯಿತು, ಹೆಣ್ಣುಮಗು. ಆದರೆ ಬಾಣಂತಿಗೆ ನಿದ್ದೆ ಹತ್ತಲಿಲ್ಲ. ಮಗು ಮಲಗಿದರೂ ಅವಳು ಕಣ್ಣು ಬಿಟ್ಟೇ ಇರುವಳು. ಗೋಡೆಗಳು ಉಸಿರಾಡುತ್ತಿವೆ ಎಂದಳು, ಹೆದರಿದವಳಂತೆ ಅಲ್ಲ, ಗುಟ್ಟು ಹೇಳುವವಳಂತೆ. ಬಟ್ಟಲಿನ ಹಾಲು ತನ್ನನ್ನು ಹೆಸರು ಹಿಡಿದು ಕರೆಯುತ್ತಿದೆ ಎಂದಳು. ಕಿಟಕಿಯಿಂದ ಬಿಸಿಲು ನೀರಿನಂತೆ ಸುರಿಯುತ್ತಿದೆ, ಕೋಣೆ ತುಂಬಿತು, ಮಗು ತೇಲಿಹೋಗುತ್ತದೆ ಎಂದು ತೊಟ್ಟಿಲನ್ನು ಬಿಗಿಯಾಗಿ ಹಿಡಿದು ಕೂತಳು. ಕಡೆಗೊಂದು ಬೆಳಿಗ್ಗೆ ಮಗುವನ್ನೇ ದಿಟ್ಟಿಸಿ, ಇದು ನನ್ನದಲ್ಲ, ನನ್ನದನ್ನು ಯಾರೋ ಬದಲಾಯಿಸಿದ್ದಾರೆ ಎಂದುಬಿಟ್ಟಳು.

ಗಾಳಿ ಸೋಕಿದೆ ಎಂದು ಅತ್ತೆ ಅಂದೇ ತೀರ್ಮಾನಿಸಿದರು. ಹಿರಿಸೊಸೆಯನ್ನು ಅಡುಗೆಮನೆಗೆ ಕರೆದು ಹೇಳಿದರು:

"ನೀನೇ ಓದಿ ಓದಿ ಕರೆದೆ. ಕರೆದವಳನ್ನ ಬಿಟ್ಟು ಹಸಿ ಬಾಣಂತೀನ ಹಿಡೀತು."

ದೆವ್ವ ಬಂದಿದೆಯೆಂದು, ದೆವ್ವಗಳ ಕಾಗುಣಿತ ತಿದ್ದುತ್ತಿದ್ದ ಅವಳು ನಂಬಲಿಲ್ಲ. ಆದರೆ ಓದಿದ ಭಯವೆಲ್ಲ ಆ ಎಳೆಯ ಮನಸ್ಸಿನಲ್ಲಿ ಇಳಿದು ಕೂತಿರಬಹುದೇ ಎಂಬ ಅಳುಕು ಹಿಡಿಯಿತು. ಆ ಅಳುಕಿನಿಂದಲೇ, ಹೊಗೆಯಜ್ಜನನ್ನು ಕರೆಸಿದಾಗ ಸುಮ್ಮನಿದ್ದಳು.

ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದ ಆ ಮುದುಕ ದೆವ್ವ ಬಿಡಿಸುವುದರಲ್ಲಿ ಹೆಸರಾದವನು. ಗಡ್ಡವಿಲ್ಲ, ಕೆಂಗಣ್ಣಿಲ್ಲ, ಮಗುವನ್ನು ಮಲಗಿಸುವಂಥ ಮೆತ್ತನೆ ದನಿ. ಒಳಗಿರುವುದು ಸೊರಗಬೇಕು, ಅದಕ್ಕೆ ಅನ್ನ ಕೊಡಬೇಡಿ, ಕಣ್ಣು ಮುಚ್ಚಲು ಬಿಡಬೇಡಿ ಎಂದ. ಹಾಡಹಗಲೇ ಕೋಣೆಯ ಕದ ಮುಚ್ಚಿತು. ಮೆಣಸಿನಕಾಯಿ ಸುಟ್ಟ ಹೊಗೆ ಸಂದಿಯಿಂದ ಹೊರಬಂತು. ಅದರ ಹಿಂದೆ ಬೆತ್ತದ ಸದ್ದು. ಅತ್ತೆ ಕದಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದರು. ಮುಂಗೋಣೆಯಲ್ಲಿ ಮೈದುನ ಹೊಲಿಗೆಯಂತ್ರವನ್ನು ಜೋರಾಗಿ ತುಳಿಯುತ್ತಿದ್ದ. ಹಿರಿಸೊಸೆ ಇಣುಕಿ ನೋಡಿದಳು: ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಮರುದಿನ ಓರಗಿತ್ತಿಗೆ ಸ್ನಾನ ಮಾಡಿಸುವಾಗ ಬೆನ್ನಿನ ಬಾಸುಂಡೆಗಳ ಮೇಲೆ ನೀರು ಬಿಡಲು ಅವಳ ಕೈ ಬರಲಿಲ್ಲ. ಕಿರಿಯವಳು ಅತ್ತಿರಲಿಲ್ಲ. ದೂರದ ದಡದಲ್ಲಿ ನಿಂತವಳಂತೆ ಮೆಲ್ಲಗೆ ಕೇಳಿದಳು:

"ಅಕ್ಕಾ, ಒಂದು ಗಳಿಗೆ ನಿದ್ದೆ ಕೊಡಿಸ್ತೀಯಾ? ಬೇರೇನೂ ಬೇಡ."

ಹಿರಿಸೊಸೆ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಹೆರಿಗೆಯಾಗಿದ್ದ ಆಸ್ಪತ್ರೆಗೆ ನಡೆದಳು. ಎಲ್ಲವನ್ನೂ ಕೇಳಿದ ಡಾಕ್ಟರಮ್ಮ, ಇದು ಹೆತ್ತ ಕೆಲವರಿಗೆ ಬರುವ ಕಾಯಿಲೆ, ಔಷಧಿಯಿದೆ, ತಡ ಮಾಡಿದರೆ ತಾಯಿಗೂ ಮಗುವಿಗೂ ಅಪಾಯ, ಈವತ್ತೇ ಕರೆತನ್ನಿ ಎಂದರು. ಎದ್ದು ಹೊರಟವಳು ಬಾಗಿಲಲ್ಲಿ ನಿಂತು, ದೆವ್ವದ ಕಥೆ ಕೇಳಿದ್ದರಿಂದ ಹೀಗಾಯಿತೇ ಎಂದು ಕೇಳಿದಳು. ಒಂದು ಪುಸ್ತಕವನ್ನೂ ಮುಟ್ಟದವರಿಗೂ ಇದು ಬರುತ್ತದಮ್ಮಾ ಎಂದರು ಡಾಕ್ಟರಮ್ಮ. ಅವಳು ಓಡುನಡಿಗೆಯಲ್ಲೇ ಮನೆ ಸೇರಿದಳು.

ಹೊಗೆಯಜ್ಜ ಆಗಲೇ ಬಂದು ಕೆಂಡ ಊದುತ್ತಿದ್ದ. ಅವಳು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಔಷಧಿಗೆ ಹೋಗುವುದಕ್ಕೆ ಇದೇನು ಕೆಮ್ಮೇ, ನೆಗಡಿಯೇ ಎಂದರು ಅತ್ತೆ. ಹಿರಿಯರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ತಪ್ಪೇ ಎಂದರು.

"ಅತ್ತೆ, ನಾನು ಎಷ್ಟೋ ದೆವ್ವ ನೋಡಿದೀನಿ, ಕಾಗದದ ಮೇಲೆ. ಒಂದಕ್ಕೆ ರಕ್ತ ಬೇಕು, ಒಂದಕ್ಕೆ ಸೇಡು ಬೇಕು. ನಿದ್ದೆ ಬೇಕು ಅಂತ ಅಂಗಲಾಚಿದ ದೆವ್ವ ಒಂದೂ ಇಲ್ಲ. ಇವಳು ಕೇಳ್ತಿರೋದು ಅದೊಂದೇ."

ಹೊಗೆಯಜ್ಜ ನಕ್ಕು, ನೀನು ಓದುವುದು ಕಟ್ಟುಕಥೆ ತಾಯಿ, ಇದು ನಿಜ ಎಂದ.

"ಕಟ್ಟುಕಥೆ ಅಂತ ಗೊತ್ತಿದ್ದೇ ನಾವು ಹೆದರ್ತೀವಿ ಅಜ್ಜ, ಪುಸ್ತಕ ಮುಚ್ಚಿ ಊಟಕ್ಕೆ ಏಳ್ತೀವಿ. ನಿನ್ನ ಕಥೆಗೆ ಇವಳ ಬೆನ್ನು ಸುಲೀತಾ ಇದೆ."

"ಬಾಗಿಲು ಬಿಡು," ಎಂದರು ಅತ್ತೆ.

"ಬಿಡಲ್ಲ ಅತ್ತೆ. ಬೇಕಾದ್ರೆ ಮೊದಲು ನನಗೆ ಹೊಡೆಸಿ."

ಹೊಲಿಗೆಯಂತ್ರದ ಸದ್ದು ನಿಂತಿತು. ಮೈದುನ ಹೊಸ್ತಿಲಿಗೆ ಬಂದ. ತಾಯಿಯ ಮುಖ ನೋಡುವ ಧೈರ್ಯ ಅವನಿಗೆ ಆಗಲೂ ಇರಲಿಲ್ಲ. ನೆಲ ನೋಡುತ್ತಲೇ, "ಅತ್ತಿಗೆ, ಗಾಡಿ ತರ್ತೀನಿ" ಎಂದ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ ಕಿರಿಯವಳ ರೆಪ್ಪೆಗಳು ಮೆಲ್ಲಗೆ, ಕೆರೆಯಲ್ಲಿ ಎಲೆ ಮುಳುಗುವಂತೆ ಇಳಿದವು. ಮರುದಿನ ಮಧ್ಯಾಹ್ನವೂ ಅವಳು ಮಲಗಿಯೇ ಇದ್ದಳು. ಅತ್ತೆ ಬಂದು ಮಂಚದ ಕಾಲ್ದೆಸೆಯಲ್ಲಿ ನಿಂತರು. ಉಸಿರಿಗೆ ಏರಿಳಿಯುವ ಹೊದಿಕೆಯನ್ನು ಬಹಳ ಹೊತ್ತು ನೋಡಿದರು.

"ಔಷಧಿಗೇ ಮಲಗಿದಳೇ?"

"ಹೂಂ ಅತ್ತೆ."

ಅತ್ತೆ ಬೆಂಚಿನ ತುದಿಯಲ್ಲಿ ಕುಸಿದರು. ತನಗೊಬ್ಬ ಅಕ್ಕ ಇದ್ದಳು ಎಂದರು. ಈ ಮಾತನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಚೊಚ್ಚಲ ಹೆತ್ತು ತವರಿನಲ್ಲಿದ್ದಾಗ ಅವಳೂ ಹೀಗೇ ಕಣ್ಣು ಮುಚ್ಚದೆ ಗೋಡೆಗಳ ಜೊತೆ ಮಾತಾಡುತ್ತಿದ್ದಳಂತೆ. ಅಪ್ಪನೇ ಬೆತ್ತ ಹಿಡಿದನಂತೆ. ಅವಳು ತಣ್ಣಗಾದ ಮೇಲೆ, ದೆವ್ವ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಯಿತು ಎಂದರಂತೆ.

"ದೆವ್ವ ಕೊಂದಿತು ಅಂದ್ಕೊಂಡೇ ಇಷ್ಟು ಕಾಲ ಬದುಕಿದೆ ಕಣೇ. ದೆವ್ವ ಇರಲೇ ಇಲ್ಲ ಅಂದ್ರೆ, ಕೊಂದದ್ದು ನಮ್ಮಪ್ಪ."

ಹಿರಿಸೊಸೆ ಹತ್ತಿರ ಸರಿದು ಕೂತಳು.

ಕಿರಿಯವಳು ಗುಣವಾಗಲು ತಿಂಗಳುಗಳೇ ಹಿಡಿದವು. ಗೋಡೆಗಳು ಒಮ್ಮೊಮ್ಮೆ ಮತ್ತೆ ಉಸಿರಾಡಿದವು, ನಂತರ ಸುಮ್ಮನಾದವು. ಒಂದು ಸಂಜೆ ಮಗುವನ್ನು ಎತ್ತಿ, ಅದರ ಮೂಗು ತನ್ನದೇ ಎಂದಳು.

ಆ ವರ್ಷವೇ ಹಿಂದಿನ ಬೀದಿಯ ಕುಲುಮೆಯವನ ಮನೆಗೆ ಹೊಗೆಯಜ್ಜನನ್ನು ಕರೆಸಿದ್ದಾರೆಂದು ಸುದ್ದಿ ಬಂತು. ಕುಲುಮೆಯವನ ಮಗಳು ಹೆತ್ತು ತವರಿನಲ್ಲಿದ್ದಳು. ಹಿರಿಸೊಸೆ ಕೈಲಿದ್ದ ಕೆಲಸ ಬಿಟ್ಟು ಏಳುವಷ್ಟರಲ್ಲಿ ಅತ್ತೆ ಬೀದಿಗಿಳಿದಾಗಿತ್ತು, ಕಾಲಿಗೆ ಚಪ್ಪಲಿಯೂ ಇಲ್ಲದೆ. ಸೊಸೆ ಹಿಂದೆಯೇ ಓಡಿದಳು. ಅವಳು ತಲುಪಿದಾಗ ಅತ್ತೆ ಎರಡೂ ಅಂಗೈಯಿಂದ ಆ ಮನೆಯ ಮುಚ್ಚಿದ ಕದ ಬಡಿಯುತ್ತಿದ್ದರು.

"ಕದ ತೆಗಿಯಪ್ಪಾ. ಒಳಗಿರೋದು ದೆವ್ವ ಅಲ್ಲ, ನಿನ್ನ ಮಗಳು."