ಎರಡು ಬ್ಲೇಡು

ಅಳತೆ ಹಿಡಿಯದೆಯೇ ಹಲಗೆಯನ್ನು ನೇರ ಸೀಳುತ್ತಿದ್ದುದಕ್ಕೆ ಮರದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸ್ಕೇಲು ಎಂದೇ ಕರೆಯುತ್ತಿದ್ದರು. ಎಡಗಣ್ಣಿನ ಒಳಪರದೆ ಕಳಚಿ, ಆಪರೇಷನ್ ಮಾಡಿಸಿಕೊಂಡು ಅವನು ಮರಳಿದಾಗ ಓನರ್ ಕೇಳಿದ್ದು ಕಾಣುತ್ತದಾ ಎಂದಷ್ಟೇ. ಕಾಣುತ್ತದೆ ಅಂದ. ಸುಳ್ಳೇನಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತಿತ್ತು.

ಪರದೆ ಕೂರಲೆಂದು ಡಾಕ್ಟರು ಕಣ್ಣುಗುಡ್ಡೆಯ ಸುತ್ತ ಪಟ್ಟಿ ಬಿಗಿದಿದ್ದರು. ಪರದೆ ಕೂತಿತು, ಕಣ್ಣು ಮಾತ್ರ ಕೆಳಕ್ಕೆ ತಿರುಗದೆ ಮುಷ್ಕರ ಹೂಡಿತು. ನೋಡಿದ್ದೆಲ್ಲ ಎರಡೆರಡು. ಅದಕ್ಕೆಂದು ಕನ್ನಡಕದ ಎಡಗಾಜಿಗೆ ಗೀರುಗೀರಿನ ತೆಳು ಹಾಳೆ ಅಂಟಿಸಿ, ಎರಡನ್ನು ಒಂದು ಮಾಡಿ ಕಳಿಸಿದರು. ಕಳಚಿದರೆ ನೀನೇ ಅಂಟಿಸಬೇಡ, ಸದ್ಯಕ್ಕೆ ಮೆಷಿನ್ ಹತ್ತಿರ ಸುಳಿಯಬೇಡ ಎಂದೂ ಹೇಳಿದರು. ಹೇಳುವುದಕ್ಕೇನು, ಓನರ್‌ಗೆ ಅವರು ಹೇಳಿರಲಿಲ್ಲವಲ್ಲ.

ಹಾಳೆಯಿದ್ದರೂ ಕೆಳಕ್ಕೆ ನೋಡಿದರೆ ಮತ್ತೆ ಎರಡಾಗುತ್ತಿತ್ತು; ಗಲ್ಲವನ್ನು ಎದೆಗೆ ಒತ್ತಿಕೊಂಡು ನೋಡಿದರೆ ಬ್ಲೇಡು ಒಂದೇ ಇರುತ್ತಿತ್ತು. ಹಾಗೇ ದಿನ ತಳ್ಳಿದ. ಬ್ಲೇಡಿನ ಆಚೆ ನಿಂತು ಹಲಗೆ ಎಳೆದುಕೊಳ್ಳುತ್ತಿದ್ದವನು ಅವನ ತಮ್ಮ. ಆ ಕೈಗೆ ಏನಾದರೂ ಆದರೆ ಅಮ್ಮನಿಗೆ ಯಾವ ಮುಖ ತೋರಿಸುವುದು ಎಂಬುದೊಂದೇ ಅವನ ಚಿಂತೆಯಾಗಿತ್ತು.

ಅವತ್ತು ನಲ್ಲಿಯಡಿ ಕನ್ನಡಕದ ಹೊಟ್ಟು ತೊಳೆಯುವಾಗ ಹಾಳೆ ಕಳಚಿ ಅಂಗೈಗೆ ಬಂತು. ಮೇಲೆ ಯಾವುದು, ಕೆಳಗೆ ಯಾವುದು? ಓನರ್ ಕೂಗು ಹಾಕಿದ. ಇವನು ಅಂದಾಜಿನ ಮೇಲೆ ಅಂಟಿಸಿಕೊಂಡು ಓಡಿದ.

ತಲೆಕೆಳಗಾಗಿ ಅಂಟಿಸಿದ್ದು ಗೊತ್ತಾಗಿದ್ದು ಮೆಷಿನ್ ಚಾಲೂ ಆದ ಮೇಲೆ. ಎಷ್ಟು ಗಲ್ಲ ಒತ್ತಿದರೂ ಬ್ಲೇಡು ಎರಡು, ತಮ್ಮನ ಕೈಗವಸು ಎರಡು. ಒಂದು ಕಣ್ಣು ಮುಚ್ಚಿದರೆ ದೂರ ಹತ್ತಿರ ತಿಳಿಯದು. ಮೇಲಾಗಿ ಓನರ್ ಬಾಗಿಲಲ್ಲೇ ನಿಂತಿದ್ದ. ತುಂಡು ಗಿಡ್ಡದು, ಕೈಗವಸು ಬ್ಲೇಡಿಗೆ ತೀರ ಹತ್ತಿರ. ಇವನು ಕೈಯಿಲ್ಲದ ಕಡೆ ಎಂದುಕೊಂಡು ತಳ್ಳಿದ.

ಬ್ಲೇಡಿನ ಸದ್ದು ಬದಲಾಯಿತು.

ಸ್ವಿಚ್ ತಡಕಿ ಆರಿಸಿದಾಗ ಮೇಜಿನ ಮೇಲೆ ಕೈಗವಸಿನ ಬೆರಳು ಬಿದ್ದಿತ್ತು. ರಕ್ತವಿಲ್ಲ. ಒಳಗಿಂದ ಹಣಿಕುತ್ತಿದ್ದುದು ಕಟ್ಟಿಗೆ.

ಅಂಗಿಯ ತೋಳು ಸರಿಸಿ ತಮ್ಮ ಕೋಲು ತೋರಿಸಿದ; ಕೈಗವಸು ಅದರ ತುದಿಗಿತ್ತು, ಅವನ ಕೈ ತೋಳಿನೊಳಗೇ ಇತ್ತು. "ನೀನು ಬಂದಾಗಿಂದ ಹಿಂಗೇ ಹಿಡೀತಿದ್ದೀನಿ ಅಣ್ಣ. ಬರೀ ಕೋಲು ನೋಡಿದ್ರೆ ನಿಂಗೆ ಬೇಜಾರಾಗ್ತಿತ್ತು."

"ಗೊತ್ತಿದ್ರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನೀನ್ಯಾಕೆ ಹೇಳಲಿಲ್ಲ?"

ಅವನು ಕನ್ನಡಕ ತೆಗೆದು ಓನರ್‌ನತ್ತ ತಿರುಗಿದ. ಎರಡು ಕಾಣ್ತದೆ ಸಾರ್, ನನ್ನ ಕೈಲಾಗಲ್ಲ ಅಂದ. ಅಷ್ಟು ಹೇಳಿದ್ದೇ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಓನರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಡಿಯಾರ ನೋಡಿಕೊಂಡ.

"ಅದಕ್ಕೇನು, ಜಾಗ ಬದಲಾಯಿಸ್ಕೊಳ್ಳಿ. ತಮ್ಮ ತಳ್ಳಲಿ, ನೀನು ಆಚೆ ನಿಂತು ಎಳಿ. ಎಳಿಯೋಕೆ ಕಣ್ಣು ಯಾಕೆ? ಕೋಲು ಗೀಲು ಬೇಡ, ಕೆಲಸ ನಿಧಾನ ಆಗ್ತದೆ."

ಇಬ್ಬರೂ ಅಲುಗಾಡಲಿಲ್ಲ. ಬೇಡವಾದರೆ ಇಬ್ಬರೂ ಮನೆಗೆ ಹೋಗಿ ಎಂದು ಓನರ್ ಮೆತ್ತಗೆ ಸೇರಿಸಿದ.

ಅಣ್ಣ ಮೇಜನ್ನು ಬಳಸಿಕೊಂಡು ಆಚೆ ಹೋದ. ಬೆರಳು ಹರಿದ ಕೈಗವಸನ್ನೇ ತೊಟ್ಟ. ತಮ್ಮ ಸ್ವಿಚ್ ಒತ್ತಿದ. ಬ್ಲೇಡು ತಿರುಗತೊಡಗಿತು. ಹಲಗೆ ಹಿಡಿಯಲು ಅಣ್ಣ ಕೈ ಮುಂದೆ ಚಾಚಿದ. ತನ್ನವೇ ನಾಲ್ಕು ಕೈಗಳು ಎರಡು ಬ್ಲೇಡುಗಳತ್ತ ಹೊರಟದ್ದನ್ನು ನೋಡಿದ.